ಐದನೆಯದು

ಖೊರಿಕ್ಸಾಸಿನ ತಗಡಿನ ಶೆಡ್ಡಿನಲ್ಲಿ
ಹೊತ್ತೇರುವ ಮುಂಚೆಯೇ ವೆಲ್ಡಿಂಗ್ ಕಿಡಿ.
ಕ್ಲಿನಿಕ್ಕಿನ ಜೀಪಿಗೆ ನಾಲ್ಕೂ ಟಯರು ದೊಡ್ಡವಾಗಿ ತಿಂಗಳಾಯಿತು,
ಸ್ಟೆಪ್ನಿ ಮಾತ್ರ ಹಳೆಯದೇ, ನಾಲ್ಕು ಬೆರಳು ಗಿಡ್ಡ.

"ಕುಂಟಿಕೊಂಡಾದರೂ ಊರು ಸೇರಲ್ಲವೆ?"
ನರ್ಸ್ ಇರ್ಮ್‌ಗಾರ್ಡ್ ಕೇಳಿದಳು.
ಸೇರೀತು. ಆಮೇಲೆ ಗೇರು ಅರೆದ ಹಿಟ್ಟು
ನನ್ನ ಬಳಿಗೇ ಬರುತ್ತದೆ, ಅಂದೆ.

ಹೊಸದನ್ನು ಹೊಟ್ಟೆಯಡಿ ತುರುಕಿದೆ, ಹಿಡಿಸಲಿಲ್ಲ.
ಹಿಂಬಾಗಿಲಿಗೆ ತೂಗುಹಾಕಿದೆ;
ಕೀಲು ನರಳಿ ಬಾಗಿಲು ಜೋತಿತು
ಬೈಸಿಕೊಂಡ ಹುಡುಗನ ತುಟಿಯ ಹಾಗೆ.
ಕೊನೆಗೆ ಬಂಪರಿಗೇ ಒಂದು ಕಬ್ಬಿಣದ ತೋಳು ಬೆಸೆದೆ.

ಇನ್ನು ಲಸಿಕೆಯ ಪೆಟ್ಟಿಗೆ ಬೇಕೆಂದರೆ
ಮೊದಲು ಟಯರನ್ನು ಅತ್ತ ಸರಿಸಬೇಕು,
ಬಾಗಿಲಿಗೆ ಅಡ್ಡ ಕೂತ ಮಾವನಿಗೆ
"ಸ್ವಲ್ಪ ಕಾಲು ಮಡಚಿ" ಅಂದಂತೆ.

"ಗಾಜೆಲ್ಲ ಮುಚ್ಚಿತಲ್ಲ,
ಹಿಂದೆ ಬರುವವರು ಕಾಣೋದು ಹೇಗೆ?"
ಹುವಾಬ್ ನದಿಯ ಒಣ ಮರಳಲ್ಲಿ
ಹಿಂದೆ ಬರುವುದು ಆನೆ.
ಅದು ಹಾರ್ನ್ ಮಾಡುವುದಿಲ್ಲ.

ನಕ್ಕಳು. ಪಾನಾ ಅವಳ ಕೈಗಿತ್ತೆ.
ಬಿಚ್ಚಿದಳು, ಇಳಿಸಿದಳು, ಇಳಿಸಿದ್ದೇನು,
ಧೊಪ್ಪನೆ ಬಿತ್ತು.
ಮತ್ತೆ ಎತ್ತಿದಳು.
ಮೊಣಕಾಲಿನವರೆಗೆ ಬಂತು.
ಅಲ್ಲೇ ನಿಂತಿತು.

ಬಾಗಿಲಿನ ಭಾರ ಲೆಕ್ಕಹಾಕಿದ್ದೆ, ಕೀಲಿನದು, ಬಂಪರಿನದು.
ನೂರು ಮೈಲಿಗೆ ಒಂದು ಮನೆಯಿಲ್ಲದ ಕಡೆ
ಒಬ್ಬಳೇ ಹೋಗುವವಳ
ರಟ್ಟೆಯನ್ನು ಕೇಳಿರಲಿಲ್ಲ.

ಅವಳು ಮಾತಾಡಲಿಲ್ಲ, ಅಂಗೈ ಒರೆಸಿಕೊಂಡಳು.
ನಾನು ಬೆಸೆದದ್ದನ್ನೇ ಕೊಯ್ದೆ.
ಸೀಮೆಸುಣ್ಣದಿಂದ ಗುರುತು ಮಾಡಿದೆ,
ಅವಳ ಮೊಣಕಾಲಿಗೆ ಸರಿಯಾಗಿ.
ಚಹಾ ಆರುತ್ತಿತ್ತು.
ಮತ್ತೆ ಕಿಡಿ.