ಹತ್ತು ನಂಬರ್ ಪಾನಾ

ಬೆಟಗೇರಿ ಓಣ್ಯಾಗ ಮಗ್ಗ ನಿಂತ ಐತವಾರ,
ಹಳೇ ಮಾರುತಿಯ ಬಾನೆಟ್ ಎತ್ತಿ
ಬ್ಯಾಟರಿ ಬಿಚ್ಚಾಕ ನಿಂತಿದ್ದೆ.
ಹತ್ತು ನಂಬರ್ ಪಾನಾ ಜಾರಿತು. ಅಷ್ಟ.

ಪ್ಲಸ್ಸಿಗೂ ಬಾಡಿಗೂ ನಡುವ ನನ್ನ ಲಗ್ನದ ಉಂಗುರ.
ಬಂಗಾರ ಕೆಂಪಾಗೂದು ಕುಲುಮ್ಯಾಗ ಎಲ್ಲಾರೂ ನೋಡ್ಯಾರ;
ನಾ ನೋಡಿದ್ದು ಬೆರಳಾಗ.

ಪತ್ತಾರ ಮೌನೇಶಪ್ಪ ಕತ್ತರಿಸಿ ತಗದ,
ಕೂಲಿ ಬ್ಯಾಡ ಅಂದ,
‘ಮೊದಲ ಮೈನಸ್ ಬಿಚ್ಚಬೇಕಪಾ’ ಅಂದ.
ಓಣಿಗೆಲ್ಲ ಗೊತ್ತಿದ್ದದ್ದು
ನನಗೊಬ್ಬಗ ಗೊತ್ತಿರಲಿಲ್ಲ.

ಬೆಸೆದ ಮ್ಯಾಲ ಉಂಗುರ ಹೊಸದರಂಗ ಬಂತು.
ಬೆರಳಿನ ಸುತ್ತ ಉಳಿದ ಬಿಳೀ ಬಳೀ
ಯಾವ ಪತ್ತಾರನೂ ಕತ್ತರಿಸಲಾರ.

ಈಗ ಬಾನೆಟ್ ಎತ್ತೂ ಮುಂಚೆ
ನೀಲವ್ವ ಹೊಸ್ತಿಲಕ್ಕ ಬಂದು ಅಂಗೈ ಚಾಚತಾಳ.
ಲಗ್ನದ ದಿನ ಅಕೀನ ತೊಡಿಸಿದ್ದು; ಬಿಚ್ಚಿ ಕೊಡತೀನಿ.
ಸೆರಗಿನ ತುದಿಗೆ ಗಂಟು ಹಾಕ್ಕೋತ,
ಗಂಟು ಬಿಗಿಯೂ ತನಕ ಮುಖ ನೋಡದ,
ಅಂತಾಳ: ಮೊದಲ ಮೈನಸ್ಸು.