ಹನ್ನೊಂದನೇ ಟೇಕು

ಸೊಲ್ಲಾಪುರ, ಅಕ್ಕಲಕೋಟ ರೋಡಿನ ಹಳೇ ಮಗ್ಗದ ಶೆಡ್ಡು.
ಮಗ್ಗ ಮಾರಿ ಮೂರು ವರ್ಷ ಆತು.
ಗ್ವಾಡಿಯಿಂದ ನೆಲದತನಾ ಹಸರು ಅರಿವಿ ಇಳಿಬಿಟ್ಟೀವಿ,
ಸುಕ್ಕಿದ್ದಲ್ಲಿ ಇಸ್ತ್ರಿ, ಇಸ್ತ್ರಿ ಸುಟ್ಟಲ್ಲಿ ತ್ಯಾಪಿ.

ಇದು ಹುಲಿ: ಡಾಂಬರಿನ ಖಾಲಿ ಡ್ರಮ್ಮು, ಎರಡು ಸಲ ಹಸರು ಹೊಡೆದದ್ದು.
ಇದು ಮೋಡ: ಸಾಲಿಯ ಮುರಕ ಬೆಂಚು.
ಇದು ರಾಕ್ಷಸನ ಕಣ್ಣು: ಕೋಲಿನ ತುದಿಗೆ ಹಸರು ಚೆಂಡು,
ದೇವಿ ಪಾತ್ರದ ಹುಡುಗಿ ಅದನ್ನ ನೋಡಿ ಸಿಟ್ಟಾಗಬೇಕು.
ಆಕಿಗೆ ಕೆಂಪು ಪ್ಲಾಸ್ಟಿಕ್ ಬಳಿ.
ಹಸರು ಹಾಕಿದರ ಮಣಿಕಟ್ಟು ಹಾರಿಹೋಗತದ,
ಅಂಗೈ ಒಂದ ಗಾಳಿಯೊಳಗ ಆಶೀರ್ವಾದ ಮಾಡತದ.

ಅಳಸೂದು ನನ್ನ ಕೆಲಸ.
ಗುಂಡಿ ಒತ್ತಿದರ ಡ್ರಮ್ಮು ಮಾಯ.
ಹುಲಿ ಆಮ್ಯಾಲೆ ಬರತದ, ಪುಣೆಯಿಂದ, ಪೆನ್‌ಡ್ರೈವಿನ್ಯಾಗ.

ಕೋಲು ಹಿಡಿಯಾಕಿ ಮಹಾನಂದಾ. ಮೊದಲ ಬೀಡಿ ಕಟ್ಟತಿದ್ದಳು.
ತಲಿಯಿಂದ ಕಾಲತನಾ ಹಸರು ಅಂಗಿ, ಹಸರು ಕೈಗವಸು
ಕೊಟ್ಟರ ಮೊದಲ ದಿನ ಮುಟ್ಟಲಿಲ್ಲ.
“ನಾ ಹಸರು ಉಡಾಂಗಿಲ್ರಿ, ಸಾಹೇಬರ.”
ಗಂಡ ಸತ್ತು ಒಂಬತ್ತು ವರ್ಷ.
ಒಡೆಸಿದ ಬಳಿ ಅವೂ ಹಸರೇ ಇದ್ದುವಂತ.
ಕಂಪ್ಯೂಟರಿಗೆ ಹಸರಂದರ ಇಲ್ಲ ಅಂತ ಅರ್ಥ, ಅಂದೆ,
ಅದರೊಳಗ ನೀವು ಇರಾಂಗೇ ಇಲ್ಲ.
ಭಾಳ ಹೊತ್ತು ಹುಲಿ ಮ್ಯಾಲೆ ಕುಂತಳು.
“ಪಕ್ಕಾ ಕಾಣಾಂಗಿಲ್ಲಲ್ಲ?”

ಹನ್ನೊಂದನೇ ಟೇಕು ಛಲೋ ಬಂತು. ಎಲ್ಲಾರೂ ಚಹಾಕ್ಕ ಹೋದರು.
ನಾ ಅಳಿಸಿದೆ.
ಡ್ರಮ್ಮು ಹೋತು, ಕೋಲು ಹೋತು, ಮಹಾನಂದಾ ಹೋದಳು,
ಉಳಿದಾಕಿ ದೇವಿ ಒಬ್ಬಾಕಿ,
ಏನೂ ಇಲ್ಲದರ ಕಡೆ ಕಣ್ಣ ಕಿಸದು.

ಕಿವಿಗೆ ಹೆಡ್‌ಫೋನ್ ಹಾಕಿದ ಸಿದ್ರಾಮ ಕೈ ಎತ್ತಿದ.
“ತಡೀರಿ. ಇದೇನು ಸಪ್ಪಳ?”
ಮತ್ತ ಹಚ್ಚಿದೆವು.
ಎಡಕ್ಕ, ರಾಕ್ಷಸನ ಕಣ್ಣು ಎಲ್ಲಿತ್ತೋ ಅದರ ಕೆಳಗ,
ಗಾಜಿಗೆ ಗಾಜು ತಾಕಿದ ಸಣ್ಣ ಸಪ್ಪಳ.
ಕೋಲು ನಡುಗಿದಾಗೊಮ್ಮೆ. ದೇವಿ ಉಸಿರು ತಗೊಂಡಾಗೊಮ್ಮೆ.
ಒಂದೆರಡಲ್ಲ, ಕೈತುಂಬ ಇರಬೇಕು,
ತೋಳಿನ ಒಳಗ, ಗವಸಿನ ಒಳಗ.

ಸಿದ್ರಾಮ ನನ್ನ ಮಾರಿ ನೋಡಿದ. ನಾ ಬಾಗಲ ಕಡೆ ನೋಡಿದೆ.
ಹೊರಗ ಕಟ್ಟಿ ಮ್ಯಾಲೆ ಆಕಿ ಗವಸು ಕಳೀದ
ಬಸಿಯೊಳಗ ಚಹಾ ಊದಿಕೊಂಡು ಕುಡಿಯಾಕತ್ತಿದ್ದಳು,
ಬಿಸಿಲಿಗೆ ಬೆನ್ನ ಹಾಕಿ.

“ತಗೀಲೇನು?” ಅಂದ.
ತುಸು ಹೊತ್ತು ಫ್ಯಾನಿನ ಸಪ್ಪಳ ಕೇಳಿದೆವು.
ಇರಲಿ ಬಿಡು, ಅಂದೆ.
ದೇವಿ ಕೈಯಾಗಿನವು ಅಂತ ಬರಿ.