ಹಡಗಿನ ಖಾತೆ

ಗುರಿ ಮುಟ್ಟಿದ ಡೀಲರುಗಳಿಗೆ
ಗೊಬ್ಬರದ ಕಂಪನಿ ಹಡಗು ತೋರಿಸ್ತದಂತ.
ಸಿಂಧನೂರಿನಿಂದ ಇವರು, ಮಾನ್ವಿಯಿಂದ ಒಬ್ಬರು,
ಗಂಗಾವತಿಯಿಂದ ಒಬ್ಬರು, ಗೊರಕಿ ಸಮೇತ.
ಮುಂಬೈತನಕ ರೈಲು, ಆಮ್ಯಾಲೆ ಬರೇ ನೀರು.

ನಾನು ಗಲ್ಲಾಕ್ಕ ಕೂತೆ.
ಉದ್ರಿ ಪುಸ್ತಕದ ಹಿಂದಿನ ಖಾಲಿ ಹಾಳಿಗೆ
ಗೆರಿ ಹೊಡದು ಬರದೆ: ಹಡಗಿನ ಖಾತೆ.

ಸಂಜಿ ಆರಕ್ಕ ಮೊದಲನೇ ಧ್ವನಿ ಬಂತು.
ಹುಸೇನಪ್ಪ ಫೋನು ತಕ್ಕಡಿ ಮ್ಯಾಲಿಟ್ಟ
(ನೂರಾ ತೊಂಬತ್ತು ಗ್ರಾಂ ತೋರಿಸ್ತು),
ಯೂರಿಯಾ ಒಯ್ಯಾಕ ಬಂದವರು ಚೀಲದ ಮ್ಯಾಲೆ ಕೂತರು.
“ಹನ್ನೊಂದು ಅಂತಸ್ತು. ಲಿಫ್ಟಿನಾಗ ಎರಡು ಸಲ ಕಳದೆ.
ಸಮುದ್ರದ ಮ್ಯಾಲೆ ಹಡಗು, ಹಡಗಿನ ಮ್ಯಾಲೆ ಈಸೋ ಹೊಂಡ.
ಸುತ್ತೆಲ್ಲಾ ನೀರಿಟಗೊಂಡು
ಮತ್ತ ನೀರಿಗೆ ರೊಕ್ಕ ಸುರದವನ ತಲಿ ನೋಡು.”

ಮರುದಿನ:
“ಹಾಸಿಗಿ ಮ್ಯಾಲೆ ಟವೆಲಿನಿಂದ ಆನಿ ಮಾಡಿ ಇಟ್ಟಿದ್ರು.
ಬಿಚ್ಚಾಕ ಮನಸು ಬರಲಿಲ್ಲ,
ನನ್ನ ಪಂಚೆಲೇ ಮೈ ಒರಸಗೊಂಡೆ.
ಇವತ್ತು ಆನಿ ಬಾಜೂಕ ಹಂಸ ಬಂದದ,
ಮಲಗಾಕ ಜಾಗ ಸಾಲ್ತಿಲ್ಲ.
ಮಾನ್ವಿಯವರು ಕ್ಯಾಪ್ಟನ್ನನ ಕೈ ಕುಲುಕಿ
ಲೀಟರಿಗೆ ಎಷ್ಟು ಕೊಡ್ತದ ಅಂತ ಕೇಳಿದ್ರು.
ಆತ ಟೊಪಿಗಿ ಸರಿಮಾಡಕೊಂಡು ಹೊಂಟೇ ಹೋದ.”

ಮೂರನೇ ದಿನ ಏನೂ ಬರಲಿಲ್ಲ.
ಸಮುದ್ರದಾಗ ಟವರ್ ಇರಲಿಕ್ಕಿಲ್ಲ ಅಂದ ಹುಸೇನಪ್ಪ.
ಚೀಲದ ಮ್ಯಾಲಿನವರು ಕೂತೇ ಇದ್ರು,
ಯೂರಿಯಾ ಕೊಟ್ಟಾದ ಮ್ಯಾಲೂ.
ಕ್ಯಾಂಪಿನ ಕೋಟಯ್ಯ ಕೇಳಿದ:
“ಆ ಆನಿ ಏನಾತಮ್ಮಾ?”
ಖಾತೆದಾಗ ಬರದೆ: ಬಾಕಿ.

ನಾಲ್ಕನೇ ದಿನ ಬಡ್ಡಿ ಸಮೇತ ಬಂತು.
“ಬಟ್ಟಲಾಗ ಸಮುದ್ರದ ನೀರು ತರಿಸಿ ನಾಲಿಗಿಗೆ ಹಚ್ಚಿದೆ.
ಪೂರಾ ಸೌಳು! ಇಷ್ಟಕ್ಕ ಎಷ್ಟು ಲೋಡು ಜಿಪ್ಸಂ ಬೇಕಾದೀತು
ಅಂತ ಲೆಕ್ಕ ಹಾಕ್ತಾ ಕೂತೆ, ಸೂರ್ಯ ಮುಳುಗಿದ್ದೇ ಗೊತ್ತಾಗಲಿಲ್ಲ.
ಎಲ್ಲರೂ ಫೋಟೋ ತಗದರು. ನನಗ ಇನ್ನೊಂದು ದಿನ ಅದಲ್ಲ.
ಊಟಕ್ಕ ನಲವತ್ತೆರಡು ಬಗಿ ಎಣಿಸಿದೆ, ಜ್ವಾಳದ್ದು ಒಂದೂ ಇಲ್ಲ.
ಕಡೀಕ ನೀ ಕಟ್ಟಿದ ಖಡಕ್ ರೊಟ್ಟಿ ಬಿಚ್ಚಿದೆ.
ಮುರದ ಸಪ್ಪಳಕ್ಕ ಆಚಿ ಮೇಜಿನವರು ತಿರುಗಿ ನೋಡಿದ್ರು.
ಸೂರತಿನ ಡೀಲರು ಒಂದು ಬೇಡಿ ತಗೊಂಡ, ಆಮ್ಯಾಲೆ ನಾಲ್ಕು.
ಆನಿ ಆರಾಮದ.”

ಕೋಟಯ್ಯ ಚಪ್ಪಾಳಿ ಹೊಡದ.
ಎಲ್ಲರೂ ನಕ್ಕರು, ನಾನೂ ನಕ್ಕೆ.
ಶಟರ್ ಎಳದ ಮ್ಯಾಲೆ ಒಬ್ಬಾಕಿನೇ ಕೂತು ಕೂಡಿಸಿ ನೋಡಿದೆ:
ಇಪ್ಪತ್ತಾರು ವರ್ಷ ಇದೇ ಗಲ್ಲಾ, ಮೂರು ಹೆಜ್ಜಿ ದೂರ.
ಉಂಡ್ರೇನು ಅಂದ್ರ ಹೂಂ.
ಹೆಂಗದ ಅಂದ್ರ ಅದ.
ಈ ಮನುಷ್ಯಾನ ಗೋದಾಮಿನಾಗ
ಆನಿ, ಹಂಸ, ಇಷ್ಟೆಲ್ಲಾ ಸ್ಟಾಕಿತ್ತು,
ರೇಟಿನ ಬೋರ್ಡಿನಾಗ ಮಾತ್ರ ಬರದಿರಲಿಲ್ಲ.

ಸೋಮವಾರ ಮುಂಜಾನೆ ಇಳದು ಬಂದ್ರು,
ಮೂಗು ಸುಟ್ಟು ಕೆಂಪಗ, ನಡಗಿ ಇನ್ನೂ ಸ್ವಲ್ಪ ಓಲಾಡತಿತ್ತು.
ನೀರು ಕುಡದರು. ಗಲ್ಲಾಕ್ಕ ಕೂತರು.
“ಯೂರಿಯಾ ಎಷ್ಟು ಉಳದದ?”
“ನಲವತ್ತು ಚೀಲ.”
“ಹೂಂ.”

ಮುಗೀತು. ಹಡಗು ದಡಕ್ಕ ಹತ್ತಿತ್ತು.

ನಾನು ಹಿಂದಿನ ಗೋದಾಮಿಗೆ ಹೋದೆ,
ಪೊಟ್ಯಾಷ್ ಚೀಲ ಏರಿ ಕಿಟಕಿ ಬಾಜೂಕ ಕೂತೆ.
ಎಡದಂಡೆ ಕಾಲುವಿ ನೀರು ಬಂದು
ನಾಟಿಗೆ ಮುಂಚಿನ ಗದ್ದಿ ಕಣ್ಣು ಹೋಗೋತನಕ ನಿಂತಿತ್ತು,
ಗಂಗಾವತಿ ಬಸ್ಸು ಅದರ ನಡುವ ತೇಲಿ ಹೋಗತಿತ್ತು.
ಫೋನಿನ ಗುಂಡಿ ಒತ್ತಿ ಹಿಡದೆ:

“ಮೊದಲನೇ ದಿನ. ನಾವು ಕ್ಷೇಮ.
ಸುತ್ತ ನೀರು ಅದ, ಕೊಕ್ಕರಿ ಅದಾವ.
ನಿನ್ನಿ ಇಲ್ಲೊಂದು ಇಲಿ
ಸತುವಿನ ಪಾಕೀಟು ಕಡದು ಬೆಳ್ಳಗಾಗಿ ಓಡಾಡ್ತಿತ್ತು,
ಹುಸೇನಪ್ಪ ಅದನ್ನ ನೋಡಿ ದೆವ್ವ ಅಂದ.
ಮಧ್ಯಾಹ್ನಕ್ಕ ಪುಂಡಿಪಲ್ಯ.”

ಗೋಡಿ ಆಚಿ, ಗಲ್ಲಾದ ಮ್ಯಾಲೆ,
ಟಿಣ್ ಅಂತ ಸಪ್ಪಳಾತು.
ಒಂದು ಘಳಿಗಿ ಏನೂ ಇಲ್ಲ.
ಆಮ್ಯಾಲೆ ಇವರ ಕುರ್ಚಿ ಕಿರ್ ಅಂತು.
ಹುಸೇನಪ್ಪ ಕೂಗಿದ: “ಅಮ್ಮಾ, ಸಾವಕಾರ್ರು
ಇಲಿ ಯಾವ ಕಡಿಗೆ ಹೋತು ಅಂತ ಕೇಳ್ತಾರ್ರೀ!”